ಮಷಿನ್ ಗಟ್ಟಿಯಾಗಿದೆ, ಸುರಕ್ಷತೆ ಸೂಚನೆ ಮಾತ್ರ ಆ್ಯಪ್ ಒಳಗೆ

ಹೋದ ತಿಂಗಳು ಕಬ್ಬಿಣ ಕತ್ತರಿಸಲು ಒಂದು ಆಂಗಲ್ ಗ್ರೈಂಡರ್ ತೆಗೆದುಕೊಂಡೆ, 100 ಎಂಎಂ ಡಿಸ್ಕಿನದು. ಮೋಟಾರಿಗೆ ತಾಕತ್ತಿದೆ, ಹಿಡಿತ ಚೆನ್ನಾಗಿದೆ, ಬೇಗ ಬಿಸಿಯಾಗುವುದಿಲ್ಲ. ಹೇಳಬೇಕಾಗಿರುವುದು ಬೇರೆ.

ಪೆಟ್ಟಿಗೆಯಲ್ಲಿ ಪುಸ್ತಕವೇ ಇರಲಿಲ್ಲ. ಅಂಗೈಯಗಲದ ಒಂದು ಚೀಟಿ. ಒಂದು ಕಡೆ ವಾರಂಟಿ ಷರತ್ತು, ಇನ್ನೊಂದು ಕಡೆ ಕ್ಯೂಆರ್ ಕೋಡ್. ಸ್ಕ್ಯಾನ್ ಮಾಡಿದರೆ ಮೊದಲು ಆ್ಯಪ್ ಹಾಕಿಕೊಳ್ಳಿ ಅಂತ ಬಂತು, ಆಮೇಲೆ ಫೋನ್ ನಂಬರ್, ಆಮೇಲೆ ಓಟಿಪಿ, ಇಷ್ಟೆಲ್ಲ ಆದ ಮೇಲೆ ಒಂದು ಪಿಡಿಎಫ್ ತೆರೆದುಕೊಂಡಿತು, ಅದರಲ್ಲೂ ಸುರಕ್ಷತೆಯ ಮಾತು ಶುರುವಾಗುವುದು 9ನೇ ಪುಟದಲ್ಲಿ.

ಆ ಪುಟ ಓದಿ ನಿಜಕ್ಕೂ ಭಯವಾಯಿತು. ಡಿಸ್ಕಿನ ಮೇಲೆ ಬರೆದಿರುವ ಆರ್‌ಪಿಎಂ, ಅಂದರೆ ನಿಮಿಷಕ್ಕೆ ಎಷ್ಟು ಸುತ್ತು ತಾಳುತ್ತದೆ ಅನ್ನುವ ಮಿತಿ, ಮಷಿನ್ನಿನ ವೇಗಕ್ಕಿಂತ ಕಡಿಮೆ ಇರಬಾರದು, ಇದ್ದರೆ ಡಿಸ್ಕ್ ಒಡೆದು ಚೂರು ಸಿಡಿಯಬಹುದು. ನನ್ನ ಮಷಿನ್ ನಿಮಿಷಕ್ಕೆ 11,000 ಸುತ್ತು ತಿರುಗುತ್ತದೆ. ಹಳೆ ಡಿಸ್ಕ್ ಒಂದು ಬಿದ್ದಿತ್ತು, ಸುಮ್ನೆ ಯಾಕೆ ಹಾಳು ಮಾಡೋದು ಅಂತ ಅದನ್ನೇ ಹಾಕುವವನಿದ್ದೆ. ಡಿಸ್ಕಿಗೂ ಅವಧಿ ಇರುತ್ತದೆ, ನಡುವಿನ ಲೋಹದ ಬಳೆಯ ಮೇಲೆ ಅದನ್ನು ಒತ್ತಿರುತ್ತಾರೆ ಅಂತ ಗೊತ್ತಾಗಿದ್ದು ಆಗಲೇ. ಬೆಳಕಿಗೆ ಹಿಡಿದು ನೋಡಿದೆ. ಮುಗಿದು ಎರಡು ವರ್ಷವಾಗಿತ್ತು. ಡಿಸ್ಕಿನ ಸುತ್ತ ಇರುವ ರಕ್ಷಣೆಯ ಗಾರ್ಡ್ ತೆಗೆಯಬೇಡಿ, ಮರ ಕೊಯ್ಯುವ ಹಲ್ಲಿನ ಬ್ಲೇಡ್ ಹಾಕಬೇಡಿ, ಡಿಸ್ಕ್ ಸಿಕ್ಕಿಹಾಕಿಕೊಂಡರೆ ಮಷಿನ್ ಒದೆಯುತ್ತದೆ ಅನ್ನುವುದೂ ಅಲ್ಲೇ ಇತ್ತು. ಇವು ಕೈಗೆ ಮೊದಲು ಸಿಗಬೇಕಾದ ಮಾತುಗಳು, ಅಲ್ವಾ?

ಎಲೆಕ್ಟ್ರಾನಿಕ್ ಸೂಚನೆ ಬೇಡ ಅಂತ ನಾನು ಹೇಳುವುದಿಲ್ಲ. ಅಕ್ಷರ ದೊಡ್ಡದು ಮಾಡಿಕೊಳ್ಳಬಹುದು, ಕಣ್ಣು ಕಾಣದವರು ಓದಿಸಿ ಕೇಳಬಹುದು, ಕಾಗದ ಕಳೆದರೂ ಸಿಗುತ್ತದೆ. ಆದರೆ ಕೈಗವಸು ಹಾಕಿಕೊಂಡು, ಧೂಳಲ್ಲಿ ನಿಂತು ಯಾರು ಫೋನ್ ತಿರುವುತ್ತಾರೆ? ಈ ಮಷಿನ್ನನ್ನು ನಾಳೆ ಇನ್ನೊಬ್ಬರಿಗೆ ಕೊಟ್ಟರೆ ಅವರ ಹತ್ತಿರ ಆ್ಯಪ್ ಇರುತ್ತದಾ?

ಯುರೋಪಿಯನ್ ಒಕ್ಕೂಟದಲ್ಲಿ 2027ರ ಜನವರಿ 20ರಿಂದ ಪೂರ್ತಿ ಅನ್ವಯವಾಗುವ ಹೊಸ ಮಷಿನರಿ ನಿಯಮ ಇದನ್ನು ಚೆನ್ನಾಗಿ ಬಿಡಿಸಿ ಹೇಳುತ್ತದೆ. ಸೂಚನೆ ಡಿಜಿಟಲ್ ಆಗಿರಬಹುದು, ಆದರೆ ಇಳಿಸಿಕೊಂಡು ಪ್ರಿಂಟ್ ಮಾಡುವಂತಿರಬೇಕು, ಕನಿಷ್ಠ 10 ವರ್ಷ ಆನ್‌ಲೈನಿನಲ್ಲಿ ಸಿಗಬೇಕು. ಆದರೆ ವೃತ್ತಿಪರರಲ್ಲದ ಸಾಮಾನ್ಯ ಬಳಕೆದಾರರಿಗೆ ಅಗತ್ಯ ಸುರಕ್ಷತೆ ಮಾಹಿತಿಯನ್ನು ಕಾಗದದಲ್ಲೇ ಕೊಡಬೇಕು. ನಾನು ಕೇಳುತ್ತಿರುವುದೂ ಅಷ್ಟೇ, ಎರಡು ಪುಟ.

ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರೆ "ಆ್ಯಪ್‌ನಲ್ಲಿದೆ ಸರ್" ಅಂದರು. ಮಷಿನ್ನಿಗೆ 4 ಸ್ಟಾರ್, ಸೂಚನೆಗೆ 1. ಆ ಎರಡು ಪುಟ ನಾನೇ ಪ್ರಿಂಟ್ ಹಾಕಿಸಿ ಪ್ಲಾಸ್ಟಿಕ್ ಕವರಿನಲ್ಲಿಟ್ಟು ಮಷಿನ್ ಪೆಟ್ಟಿಗೆಯ ಮುಚ್ಚಳಕ್ಕೆ ಅಂಟಿಸಿದ್ದೇನೆ. ಹಳೆ ಡಿಸ್ಕನ್ನು ಮುರಿದು ಕಸಕ್ಕೆ ಹಾಕಿದೆ.