ಹಳೆ ಗೇಮ್, ಹೊಸ ಕನ್ಸೋಲ್: ಕೊಳ್ಳುವುದಾ, ಚಂದಾ ಕಟ್ಟುವುದಾ?

ಬೇಸಿಗೆ ರಜೆಯಲ್ಲಿ ಕಲಬುರಗಿಯ ಮಧ್ಯಾಹ್ನ ಮಕ್ಕಳನ್ನು ಹೊರಗೆ ಬಿಡುವ ಹಾಗೇ ಇಲ್ಲ. ನಾವು ಆಡಿದ ಮಾರಿಯೋ, ಕಾಂಟ್ರಾದಂಥ ವಿಡಿಯೋ ಗೇಮುಗಳನ್ನು ಅವರಿಗೂ ತೋರಿಸೋಣ ಅಂದರೆ ದಾರಿ ಎರಡು.

ಮೊದಲನೆಯದು ಚಂದಾ. ನಿಂಟೆಂಡೋ ಕಂಪನಿಯ ಸ್ವಿಚ್ ಕನ್ಸೋಲ್ (ಗೇಮ್ ಆಡುವ ಯಂತ್ರ) ಇದ್ದವರು ಅದರ ಚಂದಾ ಸೇವೆ ನಿಂಟೆಂಡೋ ಸ್ವಿಚ್ ಆನ್‌ಲೈನ್ ತಗೊಂಡರೆ 1985ರ ಸೂಪರ್ ಮಾರಿಯೋ ಬ್ರದರ್ಸ್ ಸೇರಿ ಹಳೆ ಗೇಮುಗಳ ರಾಶಿಯೇ ಸಿಗುತ್ತದೆ. ಗುಂಡಿಗೆ ಬಿದ್ದರೆ ಆಟವನ್ನು ಹಿಂದಕ್ಕೆ ಸುತ್ತಿ ಮತ್ತೆ ಹಾರಬಹುದು. ಚಿಕ್ಕವರಿಗೆ ಇದು ವರ. ಆದರೆ ಚಂದಾ ಮುಗಿದ ದಿನ ಆಟವೂ ಬಂದ್. ಸೋನಿಯ ಪ್ಲೇಸ್ಟೇಷನ್ (ಪಿಎಸ್) ಇದ್ದವರಿಗೆ ಪ್ಲೇಸ್ಟೇಷನ್ ಪ್ಲಸ್ ಡಿಲಕ್ಸ್ ಅನ್ನುವ ಚಂದಾ ಇದೆ, ಲೆಕ್ಕ ಅದೇ.

ಎರಡನೆಯದು ಕೊಂಡುಬಿಡುವುದು. ಕಾಂಟ್ರಾ ಮಾಡಿದ ಕಂಪನಿ ಕೊನಾಮಿ 2019ರಲ್ಲಿ ತಂದ ಕಾಂಟ್ರಾ ಆನಿವರ್ಸರಿ ಕಲೆಕ್ಷನ್ ನೋಡಿ. ಸ್ವಿಚ್, ಪಿಎಸ್4, ಎಕ್ಸ್‌ಬಾಕ್ಸ್ ಒನ್, ಪಿಸಿ ನಾಲ್ಕಕ್ಕೂ ಬಂದಿದೆ. ಕಾಸು ಹಾಕಿ ಆಡುವ ಆರ್ಕೇಡ್ ಯಂತ್ರದ ಕಾಂಟ್ರಾ, ಮನೆಯ ಟಿವಿಯಲ್ಲಿ ಆಡುತ್ತಿದ್ದ ಕಾಂಟ್ರಾ ಎರಡೂ ಒಳಗಿವೆ. ಮೇಲೆ ಮೇಲೆ, ಕೆಳಗೆ ಕೆಳಗೆ, ಎಡ ಬಲ, ಎಡ ಬಲ, ಬಿ, ಎ... ಶುರುವಿನಲ್ಲಿ ಈ ಬಟನ್‌ಗಳನ್ನು ಇದೇ ಕ್ರಮದಲ್ಲಿ ಒತ್ತಿದರೆ 30 ಜೀವ! ಬೆರಳಿಗೆ ಇನ್ನೂ ನೆನಪಿದೆ ಅಲ್ವಾ? ಎಲ್ಲಿ ಬೇಕಾದರೂ ಸೇವ್ ಮಾಡಬಹುದು. ಕರೆಂಟ್ ಯಾವಾಗ ಹೋಗುತ್ತೋ ಗೊತ್ತಿಲ್ಲದ ಮನೆಗೆ ಇದು ಅನುಕೂಲ.

ಕೊಂಡದ್ದು ಶಾಶ್ವತ ಅಂತಲೂ ಅಂದುಕೊಳ್ಳಬೇಡಿ. ನಿಂಟೆಂಡೋದ ಹಳೆ ಕನ್ಸೋಲ್‌ಗಳಾದ ವೀ ಯು, 3ಡಿಎಸ್‌ಗಳ ಆನ್‌ಲೈನ್ ಅಂಗಡಿಗಳಲ್ಲಿ ಹೊಸ ಖರೀದಿ 2023ರ ಮಾರ್ಚ್‌ನಲ್ಲೇ ನಿಂತಿತು. ಅಲ್ಲಿ ಕೊಂಡ ಹಳೆ ಗೇಮುಗಳು ಸ್ವಿಚ್‌ಗೆ ಬರಲೂ ಇಲ್ಲ.

ಕಾಂಟ್ರಾ ಒಂದೇ ಸಾಕು ಅನ್ನುವವರು ಸುಮ್ನೆ ಕಲೆಕ್ಷನ್ ಕೊಳ್ಳಿ, ಅದೂ ಆಫರ್ ಬಂದಾಗ. ಮಕ್ಕಳಿಗೆ ಯಾವುದು ಹಿಡಿಸುತ್ತದೋ ತಿಳಿಯದಿದ್ದರೆ ಒಂದು ತಿಂಗಳ ಚಂದಾ ಸಾಕು.