ಅಂಬಾಸಿಡರ್ ಆಯಿಲ್ ಲೀಕ್‌ಗೆ ಎಂಜಿನ್ ಇಳಿಸಬೇಕು ಅಂದರೆ ಒಪ್ಪಬೇಡಿ, ಮೊದಲು ಇದನ್ನು ಓದಿ

ನಮ್ಮ ಎಂಜಿನ್‌ನಲ್ಲಿ ಇಲ್ಲವೇ ಇಲ್ಲದ ಒಂದು ಸೀಲಿಗೆ (ಆಯಿಲ್ ಹೊರಬರದಂತೆ ತಡೆಯುವ ರಬ್ಬರ್ ಬಳೆ) ನಾನು 2,800 ರೂಪಾಯಿ ಕೊಟ್ಟಿದ್ದೇನೆ. ಅದನ್ನು ಹಾಕುವುದಕ್ಕೆ ಅಂತ ಎಂಜಿನ್ ಇಳಿಸಿ ಏರಿಸಿದ ಕೂಲಿ ಬೇರೆ. ಎಲ್ಲ ಸೇರಿ 34,500. ಮನೆಯಲ್ಲಿ ಇನ್ನೂ ಪೂರ್ತಿ ಮೊತ್ತ ಹೇಳಿಲ್ಲ. ಬರೆಯುವುದಕ್ಕೂ ನಾಚಿಕೆ ಆಗುತ್ತಿದೆ. ಆದರೂ ಬರೆಯುತ್ತೇನೆ, ಯಾಕಂದರೆ ಹಳೆ ಅಂಬಾಸಿಡರ್ ಉಳಿಸಿಕೊಂಡವರು ನಮ್ಮ ಕಡೆ ಇನ್ನೂ ಇದ್ದಾರೆ. ನನಗೆ ಹೇಳಿದ ಮಾತನ್ನೇ ನಿಮಗೂ ಹೇಳುತ್ತಾರೆ.

ನಮ್ಮದು 1977ರ ಮಾರ್ಕ್ 3. ಪೆಟ್ರೋಲ್, 1489 ಸಿಸಿ. ಅಪ್ಪ ತೆಗೆದುಕೊಂಡ ಗಾಡಿ. ಹೋದ ವರ್ಷ ದಸರಾ ಹೊತ್ತಿಗೆ ಆಯಿಲ್ ಬಿಡಲು ಶುರುವಾಯಿತು. ಹಳೆ ಗಾಡಿ ಒಂದೆರಡು ಹನಿ ಬಿಡುವುದು ಎಲ್ಲರಿಗೂ ಗೊತ್ತಿರುವುದೇ. ಇದು ಹಾಗಲ್ಲ. ಬೆಳಗ್ಗೆ ಎದ್ದು ನೋಡಿದರೆ ಗೇಟಿನ ಒಳಗೆ ಊಟದ ತಟ್ಟೆ ಅಗಲ ಕಲೆ. ಅಮ್ಮ ದಿನಾ ಅದರ ಮೇಲೆ ಮರಳು ಹಾಕುತ್ತಿದ್ದರು.

ಮೈಸೂರಿನಲ್ಲೇ ಒಂದು ಗ್ಯಾರೇಜ್. ಹೆಸರು ಬರೆಯುವುದಿಲ್ಲ. ಹಳೆ ಕಾರುಗಳ ಸ್ಪೆಷಲಿಸ್ಟ್ ಅಂತ ದೊಡ್ಡ ಬೋರ್ಡ್ ಇದೆ, ಒಳಗೆ ಪಾಲಿಶ್ ಮಾಡಿದ ಎರಡು ಕಾರು ನಿಲ್ಲಿಸಿದ್ದಾರೆ. ಓನರ್ ಗಾಡಿ ಕೆಳಗೆ ಟಾರ್ಚ್ ಹಾಕಿ ಒಂದು ನಿಮಿಷ ನೋಡಿದ. ಒಂದೇ ನಿಮಿಷ. ಒರೆಸಲಿಲ್ಲ, ತೊಳೆಯಲಿಲ್ಲ, ಬಾನೆಟ್ ಕೂಡ ಸರಿಯಾಗಿ ಎತ್ತಲಿಲ್ಲ. ಎಂಜಿನ್ ಮತ್ತು ಗೇರ್‌ಬಾಕ್ಸ್ ಸೇರುವ ಕಡೆ, ಬೆಲ್ ಹೌಸಿಂಗ್ ಕೆಳಗೆ ಹನಿ ತೂಗುತ್ತಿತ್ತು. ಅದನ್ನು ತೋರಿಸಿ, "ಹಿಂದಿನ ಸೀಲ್ ಹೋಗಿದೆ ಸಾರ್. ಎಂಜಿನ್ ಇಳಿಸದೆ ಆಗಲ್ಲ" ಅಂದ. ಹನಿ ಅಲ್ಲೇ ಇತ್ತಲ್ಲ, ನಾನು ನಂಬಿದೆ.

18,000 ಅಂದದ್ದು 34,500 ಆಯಿತು. ಹತ್ತು ದಿನ ಅಂದದ್ದು ಆರು ವಾರ ಆಯಿತು. ನಡುವೆ ಕೇಳಿದಾಗಲೆಲ್ಲ, "ಪಾರ್ಟ್ ಬಾಂಬೆಯಿಂದ ಬರ್ತಿದೆ ಸಾರ್." ಎಂಜಿನ್ ಸರಪಳಿಯಲ್ಲಿ ತೂಗುತ್ತಿರುವ ಫೋಟೋ ಕಳಿಸಿದ. ಅದನ್ನು ನಾನು ಹೆಮ್ಮೆಯಿಂದ ನೆಂಟರಿಗೆಲ್ಲ ಕಳಿಸಿದೆ. ಅಪ್ಪನ ಗಾಡಿ ಹೊಸದಾಗುತ್ತಿದೆ ಅಂತ ಬರೆದೆ. ಅದು ಈಗ ನೆನಪಾದರೆ ಹೊಟ್ಟೆ ಉರಿಯುತ್ತದೆ.

ಗಾಡಿ ಮನೆಗೆ ಬಂದ ಮೂರು ದಿನ ನೆಲ ಒಣಗಿತ್ತು. ಡೀಸೆಲ್ ಹಾಕಿ ಚೆನ್ನಾಗಿ ತೊಳೆದು ಕೊಟ್ಟಿದ್ದರಲ್ಲ, ಅದಕ್ಕೆ. ನಾಲ್ಕನೇ ದಿನ ಅದೇ ಜಾಗ, ಅದೇ ಕಲೆ. ಫೋನ್ ಮಾಡಿದೆ.

"ಸೀಲ್ ಸೆಟ್ ಆಗ್ಬೇಕು ಸಾರ್. 500 ಕಿಲೋಮೀಟರ್ ಓಡಿಸಿ."

ಓಡಿಸಿದೆ. ಕಲೆ ಜಾಸ್ತಿಯೇ ಆಯಿತು. ಮತ್ತೆ ಫೋನ್. "ಒಂದು ಡಬ್ಬ ಸ್ಟಾಪ್ ಲೀಕ್ ಹಾಕೋಣ, 900 ಆಗುತ್ತೆ." ಹಾಕಿಸಿದೆ. ಏನೂ ಆಗಲಿಲ್ಲ. ಮೂರನೇ ಸಲ ಹೋದಾಗ ಮುಖ ನೋಡದೆ ಹೇಳಿದ: "ಬ್ಲಾಕೇ ಕ್ರ್ಯಾಕ್ ಇರಬಹುದು. ನನ್ನ ಹತ್ರ ಒಂದು ಒಳ್ಳೆ ಡೀಸೆಲ್ ಎಂಜಿನ್ ಇದೆ, ಕೂರಿಸೋಣ್ವಾ?" ಆರು ವಾರ ಎಂಜಿನ್ ಹೊರಗಿಟ್ಟುಕೊಂಡಿದ್ದವನಿಗೆ ಆಗ ಕಾಣದ ಕ್ರ್ಯಾಕ್ ಈಗ ಕಂಡಿತಾ?

ಆಮೇಲೆ ನಂಜನಗೂಡು ಕಡೆಯ ಒಬ್ಬ ಹಿರಿಯ ಮೇಸ್ತ್ರಿ ಸಿಕ್ಕರು. ಟ್ಯಾಕ್ಸಿ ಅಂಬಾಸಿಡರ್‌ಗಳನ್ನೇ ಜೀವಮಾನವೆಲ್ಲ ರಿಪೇರಿ ಮಾಡಿದವರು. ಬೋರ್ಡ್ ಇಲ್ಲ, ತಗಡಿನ ಶೆಡ್ಡು. ಅವರು ಮೊದಲು ಕೇಳಿದ್ದು, "ಕ್ಲಚ್ ಜಾರುತ್ತಾ?" ಇಲ್ಲ ಅಂದೆ. "ಹಿಂದಿನಿಂದ ಇಷ್ಟು ಆಯಿಲ್ ಬಂದಿದ್ರೆ ಕ್ಲಚ್ ಪ್ಲೇಟ್ ನೆಂದು ಜಾರಬೇಕಿತ್ತಲ್ವಾ?" ಈ ಒಂದು ಪ್ರಶ್ನೆಯನ್ನು ಆ ಸ್ಪೆಷಲಿಸ್ಟ್ ಕೇಳಲೇ ಇಲ್ಲ.

ಸೀಮೆಎಣ್ಣೆಯಲ್ಲಿ ಎಂಜಿನ್ ತೊಳೆದರು. ಒಣಗಿಸಿದರು. ಮುಖಕ್ಕೆ ಹಚ್ಚುವ ಪೌಡರನ್ನು ಬ್ಲಾಕ್ ಮೇಲೆ, ಅಂದರೆ ಎಂಜಿನ್ನಿನ ಮುಖ್ಯ ಕಬ್ಬಿಣದ ಮೈ ಮೇಲೆ, ಅದರ ತಳದಲ್ಲಿ ಆಯಿಲ್ ನಿಲ್ಲುವ ಸಂಪ್ ಅಂಚಿಗೆ, ಎಂಜಿನ್ ಮುಂಭಾಗದ ಟೈಮಿಂಗ್ ಕವರ್ ಸುತ್ತ ಚೆಲ್ಲಿದರು. ಹತ್ತು ಕಿಲೋಮೀಟರ್ ಓಡಿಸಿಕೊಂಡು ಬನ್ನಿ ಅಂದರು. ಬಂದು ನೋಡಿದರೆ ಬಿಳಿ ಪೌಡರ್ ಮೇಲೆ ಕಪ್ಪು ಗೆರೆ ಸ್ಪಷ್ಟವಾಗಿ ಕಾಣುತ್ತಿತ್ತು. ಕಾರ್ಬ್ಯುರೇಟರ್, ಮ್ಯಾನಿಫೋಲ್ಡ್ ಕೆಳಗೆ ಬ್ಲಾಕಿನ ಪಕ್ಕಕ್ಕೆ ಎರಡು ತಗಡಿನ ಸೈಡ್ ಕವರ್ ಇರುತ್ತವೆ. ಹಿಂದಿನ ಕವರಿನ ಕೆಳಗಿನಿಂದ ಹೊರಟ ಆಯಿಲ್ ಬ್ಲಾಕ್ ಮೇಲೆ ಇಳಿದು, ಸಂಪ್ ಅಂಚು ಹಿಡಿದು, ಗಾಳಿಗೆ ಹಿಂದಕ್ಕೆ ಹೋಗಿ, ಬೆಲ್ ಹೌಸಿಂಗ್ ಹತ್ತಿರ ತೊಟ್ಟಿಕ್ಕುತ್ತಿತ್ತು. ಹನಿ ಬೀಳುವ ಜಾಗವೇ ಬೇರೆ, ಲೀಕ್ ಆಗುವ ಜಾಗವೇ ಬೇರೆ.

ಹಾಗಾದರೆ ಹಿಂದಿನ ಸೀಲ್ ಕಥೆ ಏನು ಅಂತ ಬಿಲ್ ತೋರಿಸಿದೆ. ಕನ್ನಡಕ ಹಾಕಿಕೊಂಡು ಓದಿದರು. ಎರಡು ಸಲ ಓದಿದರು.

"ರಿಯರ್ ಸೀಲಾ? ಈ ಎಂಜಿನ್‌ಗೆಲ್ಲಿದೆ ಹಿಂದೆ ಸೀಲು?"

ಶೆಡ್ಡಿನ ಮೂಲೆಯಿಂದ ಒಂದು ಹಳೆ ಕ್ರ್ಯಾಂಕ್ ಶಾಫ್ಟ್, ಅಂದರೆ ಎಂಜಿನ್ ಒಳಗೆ ತಿರುಗುವ ಮುಖ್ಯ ದಂಡ, ಎಳೆದು ತಂದರು. ಹಿಂದಿನ ತುದಿಯಲ್ಲಿ ನನ್ನ ಬೆರಳಿಟ್ಟು ತೋರಿಸಿದರು. ಸ್ಕ್ರೂಗೆ ಇರುವ ಹಾಗೆ ಸುತ್ತು ಗೆರೆ. ಶಾಫ್ಟ್ ತಿರುಗುವಾಗ ಆ ಗೆರೆಯೇ ಆಯಿಲನ್ನು ವಾಪಸ್ ಒಳಗೆ ತಳ್ಳಿ ಸಂಪಿಗೆ ಬಿಡುತ್ತದೆ. ಬ್ರಿಟನ್ನಿನ ಮೋರಿಸ್ ಕಾರುಗಳ ಕಾಲದಿಂದ ಬಂದ, ಈ ಶಾಫ್ಟನ್ನು ಹೊರುವ ಮೂರು ಮೇನ್ ಬೇರಿಂಗ್‌ನ ಎಂಜಿನ್ ಇದು. ಹಿಂದುಗಡೆ ರಬ್ಬರ್ ಸೀಲೇ ಇಲ್ಲ.

ನನ್ನ ಬೆರಳು ಆ ಗೆರೆಯಲ್ಲೇ ಇತ್ತು. ಕಿವಿ ಬಿಸಿಯಾಯಿತು. ಬಾಂಬೆಯಿಂದ ಬರುತ್ತಿದೆ, ಬರುತ್ತಿದೆ ಅಂತ ಆರು ವಾರ ಕಾಯಿಸಿದ್ದು ಇದಕ್ಕಾ? ಮೇಸ್ತ್ರಿ ಏನೂ ಅನ್ನಲಿಲ್ಲ, ಬಿಲ್ ಮಡಚಿ ನನ್ನ ಜೇಬಿಗೆ ಇಟ್ಟರು. ಅವರು ಬೈದಿದ್ದರೂ ಇಷ್ಟು ನೋವಾಗುತ್ತಿರಲಿಲ್ಲ.

ನಿಜವಾದ ಕಾಯಿಲೆ ಇನ್ನೂ ಚಿಕ್ಕದು. ಮುಂದಿನ ಸೈಡ್ ಕವರಿಗೆ ಒಂದು ಬ್ರೀದರ್ ಪೈಪ್ ಇದೆ. ಅದು ಕಪ್ಪು ಗಸಿಯಿಂದ ಪೂರ್ತಿ ಕಟ್ಟಿಹೋಗಿತ್ತು. ಸಂತೆಗೆ, ದೇವಸ್ಥಾನಕ್ಕೆ ಅಂತ ಬರೀ ಎರಡೆರಡು ಕಿಲೋಮೀಟರ್ ಓಡಿಸುವ ಗಾಡಿಗಳಿಗೆ ಹೀಗಾಗುತ್ತದಂತೆ. ಒಳಗಿನ ಗಾಳಿಗೆ ಹೋಗಲು ದಾರಿ ಇಲ್ಲದಿದ್ದರೆ ಅದು ಆಯಿಲನ್ನು ಸಿಕ್ಕಸಿಕ್ಕ ಸಂದಿಯಿಂದ ದೂಡುತ್ತದೆ. ಸೈಡ್ ಕವರಿಗೂ ಬ್ಲಾಕಿಗೂ ನಡುವೆ ಸಂದಿ ಮುಚ್ಚಲು ಕೂರಿಸುವ ಕಾರ್ಕ್ ಪ್ಯಾಕಿಂಗ್ ಒಣಗಿ ಬಿಸ್ಕತ್ತಿನ ಹಾಗೆ ಮುರಿಯುತ್ತಿತ್ತು. ಮೇಲಾಗಿ ಯಾರೋ ನಡುವಿನ ಬೋಲ್ಟನ್ನು ಜೋರಾಗಿ ಬಿಗಿದು ಕವರನ್ನೇ ಬಗ್ಗಿಸಿದ್ದರು. ಅದನ್ನು ತಟ್ಟಿ ಸಮ ಮಾಡಿದರು. ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಸ್ನೇಹಿತ ಪ್ಯಾಕಿಂಗ್ ತಂದುಕೊಟ್ಟ. ಮ್ಯಾನಿಫೋಲ್ಡ್ ಬಿಚ್ಚಿ, ಪೈಪ್ ತೊಳೆದು, ಪ್ಯಾಕಿಂಗ್ ಹಾಕಿ, ಎಲ್ಲ ಸೇರಿ ಒಂದು ದಿನದ ಕೆಲಸ. ಸಾಮಾನು, ಕೂಲಿ ಎರಡೂ ಸೇರಿ 2,600. ಎಂಜಿನ್ ಇದ್ದ ಜಾಗದಿಂದ ಅಲುಗಾಡಲಿಲ್ಲ.

ಅಷ್ಟೇ ಆಗಿದ್ದರೆ ದುಡ್ಡು ಹೋಯಿತು ಅಂತ ಸುಮ್ನಿರುತ್ತಿದ್ದೆ. ಸಂಪ್ ಅಂಚಿನಲ್ಲಿ ಕೆಂಪು ಸಿಲಿಕೋನ್ ಹೊರಗೆ ಉಬ್ಬಿದ್ದನ್ನು ನೋಡಿ ಮೇಸ್ತ್ರಿಗೆ ಅನುಮಾನ ಬಂತು. ಹೊರಗೆ ಇಷ್ಟು ಇದ್ದರೆ ಒಳಗೂ ಇರುತ್ತದೆ ಅಂತ ಸಂಪ್ ಬಿಚ್ಚಿಸಿದರು. ಆಯಿಲ್ ಪಂಪಿನ ಜಾಲರಿಗೆ ಕೆಂಪು ಸಿಲಿಕೋನ್ ಎಳೆಗಳು ಅಂಟಿಕೊಂಡಿದ್ದವು. ಅವು ಜಾಲರಿ ಮುಚ್ಚಿದರೆ ಪ್ರೆಶರ್ ಬಿದ್ದು ಬೇರಿಂಗ್ ಹೋಗುತ್ತದೆ. ಆಯಿಲ್ ಲೀಕ್ ನಿಲ್ಲಿಸಲು ಹೋಗಿ ಅಪ್ಪನ ಎಂಜಿನನ್ನೇ ಕಳೆದುಕೊಳ್ಳುತ್ತಿದ್ದೆ.

ಬಿಲ್ ಹಿಡಿದು ಗ್ಯಾರೇಜಿಗೆ ಹೋದೆ. ಉತ್ತರಗಳನ್ನು ಇದ್ದ ಹಾಗೇ ಬರೆಯುತ್ತೇನೆ. ಮೊದಲು, "ಬಿಲ್ ಬರೆದದ್ದು ಹುಡುಗ ಸಾರ್." ಆಮೇಲೆ, "ಸೀಲ್ ಅಂದ್ರೆ ಸೀಲ್ ಅಲ್ಲ, ಪ್ಯಾಕಿಂಗ್‌ಗೆ ನಾವು ಹಾಗೆ ಅಂತೀವಿ." ಪ್ಯಾಕಿಂಗ್ ಸೆಟ್ ಅಂತ ಬೇರೆಯಾಗಿ 1,900 ಹಾಕಿದ್ದೀರಲ್ಲ ಅಂದೆ. "ಬೇಕಾದ್ರೆ ಬಿಚ್ಚಿ ತೋರಿಸ್ತೀನಿ, ಲೇಬರ್ ಕೊಡಿ." ಕೊನೆಗೆ, ಗಿರಾಕಿಗಳ ಎದುರಿಗೇ, "ಗಾಡಿ ಮೇಲೆ ಪ್ರೀತಿ ಇರೋರು ಹೀಗೆ ದುಡ್ಡಿನ ಲೆಕ್ಕ ಕೇಳಲ್ಲ ಸಾರ್."

ಆ ಕೊನೆ ಮಾತು ಎರಡು ರಾತ್ರಿ ನಿದ್ದೆ ಕೆಡಿಸಿತು. ಪ್ರೀತಿ ಇದ್ದದ್ದಕ್ಕೇ ಅಲ್ವಾ ಅವನ ಬಾಗಿಲಿಗೆ ಹೋದದ್ದು?

ನಿಮಗೆ ಹೇಳುವುದಿಷ್ಟು. ತೊಳೆದು, ಪೌಡರ್ ಹಾಕಿ, ಲೀಕ್ ಎಲ್ಲಿಂದ ಅಂತ ಕಣ್ಣಾರೆ ತೋರಿಸದವನಿಗೆ ಒಂದು ಬೋಲ್ಟ್ ಕೂಡ ಬಿಚ್ಚಲು ಬಿಡಬೇಡಿ. ಮೊದಲು ಬ್ರೀದರ್ ಪೈಪ್ ನೋಡಿ, ಆಮೇಲೆ ಎಂಜಿನ್ ನೆತ್ತಿಯ ಮೇಲಿನ ರಾಕರ್ ಕವರ್, ಸೈಡ್ ಕವರ್. ಮೇಲಿನಿಂದ ಕೆಳಗೆ ನೋಡುತ್ತಾ ಬನ್ನಿ. ಗುಡ್ಡ ಏರಿದ ಹಾಗೆ ಮೂತಿ ಮೇಲೆ ಮಾಡಿ ನಿಲ್ಲಿಸಿದರೆ ಹಿಂದುಗಡೆ ಒಂದೆರಡು ಹನಿ ಬರುವುದು ಈ ಎಂಜಿನ್ ಗುಣವೇ, ಅದಕ್ಕೆ ಹೆದರಬೇಡಿ. ಬಿಚ್ಚಿದ ಹಳೆ ಸಾಮಾನು ಕೇಳಿ ತೆಗೆದುಕೊಳ್ಳಿ. ನಾನು ಕೇಳಿದ್ದರೆ ಅವತ್ತೇ ಗೊತ್ತಾಗುತ್ತಿತ್ತು, ಇಲ್ಲದ ಸೀಲಿನ ಹಳೆಯದನ್ನು ಅವನು ಎಲ್ಲಿಂದ ತರುತ್ತಿದ್ದ?

ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಬರೆದಿದ್ದೇನೆ. ಬಿಲ್, ವಾಟ್ಸಾಪ್ ಮೆಸೇಜು, ಪೌಡರ್ ಮೇಲಿನ ಗೆರೆಯ ಫೋಟೋ ಎಲ್ಲ ಜೋಡಿಸಿದ್ದೇನೆ. ಜಾಲರಿಯಿಂದ ತೆಗೆದ ಕೆಂಪು ಸಿಲಿಕೋನ್ ಎಳೆಗಳು ಒಂದು ಪುಟ್ಟ ಬಾಟಲಿಯಲ್ಲಿ ನನ್ನ ಮೇಜಿನ ಮೇಲಿವೆ. ಅವನ್ನೂ ತೆಗೆದುಕೊಂಡು ಹೋಗುತ್ತೇನೆ.