ಬೈಕು, ಸೈಕಲ್ಲು, ಬಸ್ಸು: ಬೆಟ್ಟದ ಊರುಗಳಿಗೆ ಯಾವುದು ಒಳ್ಳೆಯದು?

ಒಂದೇ ಬೆಟ್ಟದ ರಸ್ತೆಯಲ್ಲಿ ನಾನು ನಾಲ್ಕು ಬಗೆಯಲ್ಲಿ ಓಡಾಡಿದ್ದೇನೆ. ಸುಮಾರು 40 ಕಿ.ಮೀ. ದಾರಿ. ನಡುವೆ ಐದು ಸಣ್ಣ ಊರು. ಕೊನೆಯ ಹಳ್ಳಿ ಕಣಿವೆಯಿಂದ 1200 ಮೀಟರ್ ಮೇಲಿದೆ. ಬೇಗ ತಲುಪುವುದು ನನಗೆ ಬೇಕಿರಲಿಲ್ಲ. ಆ ಐದೂ ಊರುಗಳನ್ನು ಒಂದೊಂದಾಗಿ ನೋಡಬೇಕಿತ್ತು, ಅಷ್ಟೇ.

ಕಾರಿನ ಮಾತು ಬೇಗ ಮುಗಿಸುತ್ತೇನೆ. ಜೊತೆಯಲ್ಲಿ ವಯಸ್ಸಾದವರೋ ಪುಟ್ಟ ಮಕ್ಕಳೋ ಇದ್ದರೆ ಕಾರೇ ಸರಿ, ಎರಡು ಮಾತಿಲ್ಲ. ಆದರೆ ಕಿರಿದಾದ ರಸ್ತೆಯಲ್ಲಿ ನಿಲ್ಲಿಸಲು ಜಾಗ ಹುಡುಕುವಷ್ಟರಲ್ಲಿ ಊರೇ ಹಿಂದೆ ಹೋಗಿರುತ್ತದೆ.

ಬೈಕಿನಲ್ಲಿ ಆ ತೊಂದರೆ ಇಲ್ಲ. ಎಲ್ಲಿ ಬೇಕಾದರೂ ಸ್ಟ್ಯಾಂಡ್ ಹಾಕಬಹುದು. ಬದಲಾಗುವ ಗಾಳಿ ಮುಖಕ್ಕೇ ತಾಗುತ್ತದೆ. ನನ್ನದು ಹಳೆಯ ಕಾರ್ಬ್ಯುರೇಟರ್ ಗಾಡಿ. ಎತ್ತರ ಏರಿದಂತೆ ಗಾಳಿ ತೆಳುವಾಗಿ ಎಂಜಿನ್ ಎಳೆಯುವುದು ಕಡಿಮೆ ಆಯ್ತು, ಆದರೂ ಹತ್ತಿತು. ನನಗೆ ಬೇಸರ ಆಗಿದ್ದು ಸದ್ದಿನಿಂದ. ಅಷ್ಟು ಸುಮ್ಮನಿರುವ ಊರಿಗೆ ನಾವು ಬರುವ ಮೊದಲೇ ನಮ್ಮ ಸದ್ದು ಬಂದಿರುತ್ತದೆ. ಮೇಲಾಗಿ ಆಕ್ಸಿಲರೇಟರ್ ಕೈಯಲ್ಲಿದ್ದರೆ ಕೈ ಸುಮ್ನೆ ಇರುವುದಿಲ್ಲ. ಮೂರನೇ ಊರಿನಲ್ಲಿ ನಿಲ್ಲಬೇಕು ಅಂದುಕೊಂಡಿದ್ದವನು ನೇರ ಐದನೆಯದರಲ್ಲಿ ನಿಂತಿದ್ದೆ.

ಇಳಿಯುವಾಗ ಪೆಟ್ರೋಲ್ ಉಳಿಯುತ್ತದೆ ಅಂತ ನ್ಯೂಟ್ರಲ್‌ಗೆ ಹಾಕುವವರನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಹತ್ತಿದ ಗೇರಿನಲ್ಲೇ ಇಳಿಯಿರಿ. ಎಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳುತ್ತದೆ. ಬರೀ ಬ್ರೇಕನ್ನೇ ನಂಬಿದರೆ ಅದು ಕಾದು ಹಿಡಿತ ಬಿಡುತ್ತದೆ.

ಸೈಕಲ್ಲಿನಲ್ಲಿ ಕಂಡಷ್ಟು ರಸ್ತೆ ಬೇರೆ ಯಾವುದರಲ್ಲೂ ಕಂಡಿಲ್ಲ. ಕಡಿದಾದ ಕಡೆ ಏರು 8% ಇತ್ತು, ಅಂದರೆ ಒಂದು ಕಿ.ಮೀ.ಗೆ 80 ಮೀಟರ್ ಹತ್ತಬೇಕು. ಬ್ಯಾಗು ಕಟ್ಟಿಕೊಂಡು ನಾನು ಗಂಟೆಗೆ 6 ಕಿ.ಮೀ. ಹೋಗುತ್ತಿದ್ದೆ. ಆ ವೇಗದಲ್ಲಿ ಕಿವಿ ತೆರೆಯುತ್ತದೆ. ರಸ್ತೆ ಬದಿಯ ಕಲ್ಲುಗಳ ಅಡಿಯಲ್ಲಿ ನೀರು ಹರಿಯುತ್ತಿತ್ತು, ಬೈಕಿನಲ್ಲಿ ಹೋದಾಗ ಅಲ್ಲಿ ನೀರಿದೆ ಅಂತಲೇ ಗೊತ್ತಾಗಿರಲಿಲ್ಲ. ಎರಡನೇ ಊರಿನ ಏರಿನಲ್ಲಿ ಸೈಕಲ್ ಇದ್ದಕ್ಕಿದ್ದಂತೆ ಹಗುರ ಆಯ್ತು. ತಿರುಗಿ ನೋಡಿದರೆ ಒಬ್ಬ ಹುಡುಗ ಕ್ಯಾರಿಯರ್ ಹಿಡಿದು ತಳ್ಳುತ್ತಿದ್ದ. ಮಾತಿಲ್ಲ, ನಗುವೂ ಇಲ್ಲ, ಪೂರ್ತಿ ಶ್ರದ್ಧೆಯಿಂದ ತಳ್ಳಿದ. ಸಮತಟ್ಟು ಬಂದ ಕೂಡಲೇ ಬಿಟ್ಟು ಓಡಿದ.

ಆದರೆ ನಾಲ್ಕನೇ ಊರು ನನಗೆ ನೆನಪೇ ಇಲ್ಲ. ಅಷ್ಟು ಹೊತ್ತಿಗೆ ಕಾಲು ಸೋತು, ಮುಂದಿನ ಚಕ್ರವೊಂದೇ ಕಣ್ಣಿಗೆ ಕಾಣುತ್ತಿತ್ತು. ನಿಧಾನವಾಗಿ ಹೋದ ಮಾತ್ರಕ್ಕೆ ಎಲ್ಲ ಕಾಣುತ್ತದೆ ಅಂತೇನಿಲ್ಲ, ಸುಸ್ತಾದರೆ ಕಣ್ಣೂ ಮುಚ್ಚಿದಂತೆಯೇ. ಇನ್ನೊಂದು ವಿಷಯ: ಸಾವಿರ ಮೀಟರ್ ಏರಿದರೆ ಚಳಿ ಸರಾಸರಿ ಆರೂವರೆ ಡಿಗ್ರಿ ಜಾಸ್ತಿ. ಬೆವರಿದ ಮೈಯಲ್ಲಿ ಹಾಗೇ ಇಳಿದರೆ ನಡುಕ ಹುಟ್ಟುತ್ತದೆ. ತುದಿಯಲ್ಲೇ ಜಾಕೆಟ್ ಹಾಕಿಕೊಂಡು ಇಳಿಯಿರಿ.

ಬಸ್ಸನ್ನು ಕೊನೆಗೆ ಇಟ್ಟಿದ್ದೆ. ನೋಡಿದರೆ ಅದೇ ನನ್ನ ಮನಸ್ಸು ಗೆದ್ದಿತು. ನಮಗೆ ಬೇಕಾದ ಕಡೆ ಅದು ನಿಲ್ಲುವುದಿಲ್ಲ, ನಿಜ. ಊರಿಗೆ ಬೇಕಾದ ಕಡೆ ನಿಲ್ಲುತ್ತದೆ. ಒಂದು ತಿರುವಿನಲ್ಲಿ ಮನೆ ಇಲ್ಲ, ಬೋರ್ಡಿಲ್ಲ, ಡ್ರೈವರ್ ನಿಲ್ಲಿಸಿದರು. ಗಿಡಗಳ ನಡುವಿನಿಂದ ಒಬ್ಬಳು ಹುಡುಗಿ ಬಂದಳು. ಅವರು ಸೀಟಿನ ಪಕ್ಕದಿಂದ ಔಷಧಿಯ ಪೊಟ್ಟಣ ತೆಗೆದು ಕಿಟಕಿಯಿಂದ ಕೊಟ್ಟರು. ಬಸ್ಸಿನೊಳಗಿನಿಂದ ಒಬ್ಬರು "ಅಜ್ಜಿ ಹೇಗಿದ್ದಾರೆ?" ಅಂತ ಕೇಳಿದರು. ನಾನು ಬೈಕಿನಲ್ಲಿ ಆ ತಿರುವನ್ನು ಅದೆಷ್ಟೋ ಸಲ ದಾಟಿದ್ದೆ, ಅಲ್ಲೊಂದು ಮನೆ ಇದೆ ಅಂತ ಗೊತ್ತೇ ಇರಲಿಲ್ಲ!

ಬಸ್ಸಿನ ಕೊರತೆ ಒಂದೇ, ಇಳಿದರೆ ಮುಂದಿನ ಬಸ್ಸಿಗೆ ಅರ್ಧ ದಿನ ಕಾಯಬೇಕು. ಹಾಗಾಗಿ ಈಗ ನಾನು ಹತ್ತುವುದು ಬಸ್ಸಿನಲ್ಲಿ, ಇಳಿಯುವುದು ನಡೆದು. ಬೆಟ್ಟದ ದಾರಿ ನಡೆಯಲು ಎಷ್ಟು ಹೊತ್ತು ಬೇಕು ಅನ್ನುವುದಕ್ಕೆ 1892ರಲ್ಲಿ ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೇಸ್ಮಿತ್ ಒಂದು ಲೆಕ್ಕ ಕೊಟ್ಟಿದ್ದರು: ಸುಮಾರು 5 ಕಿ.ಮೀ.ಗೆ ಒಂದು ಗಂಟೆ, ಜೊತೆಗೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ನಮ್ಮ ದಾರಿಗೆ ಬಸ್ಸು ಆ ಏರಿನ ಎರಡು ಗಂಟೆಯನ್ನು ಉಳಿಸಿತು ಅಂದಹಾಗಾಯ್ತು. ಉಳಿದ ಎಂಟು ಗಂಟೆ ನಡಿಗೆಯನ್ನು ಮೂರು ದಿನಕ್ಕೆ ಹಂಚಿಕೊಂಡೆ, ಎರಡು ಊರಿನಲ್ಲಿ ರಾತ್ರಿ ಉಳಿದೆ. ಇಳಿಯುವುದು ಉಸಿರಿಗೆ ಸುಲಭ, ಮಂಡಿಗಲ್ಲ. ಕೈಯಲ್ಲೊಂದು ಕೋಲಿರಲಿ. ಕಣಿವೆಯಲ್ಲಿ ಬಿಸಿಲು ಬೇಗ ಹೋಗುತ್ತದೆ, ನಾಲ್ಕು ಗಂಟೆಗೇ ಊರು ಸೇರಿಬಿಡಿ. ಮಂಡಿನೋವು ಇರುವವರಿಗೆ ಇದನ್ನು ಹೇಳುವುದಿಲ್ಲ, ಅವರಿಗೆ ಬೈಕೇ ವಾಸಿ.

ಎರಡನೇ ದಿನ ಅದೇ ತಿರುವಿನಲ್ಲಿ ಅದೇ ಹುಡುಗಿ ನಿಂತಿದ್ದಳು. "ಬಸ್ಸು ತಪ್ಪಿತಾ ಅಣ್ಣಾ?" ಅಂದಳು. ಇಲ್ಲ, ನಡೆದೇ ಹೋಗ್ತಿದ್ದೀನಿ ಅಂದೆ. ನಂಬಲಿಲ್ಲ. ಕೆಳಗಿನ ತೊರೆಯವರೆಗೆ ಜೊತೆಗೇ ಬಂದಳು, ಅದಕ್ಕೆ ಅವರ ಮನೆಯವರು ಇಟ್ಟ ಹೆಸರು ಹೇಳಿದಳು, ಆಮೇಲೆ ವಾಪಸ್ ಏರು ಹತ್ತಿದಳು.